ಭಾವನ ಮೇಲೆ ಕೂರುವ ಕೆಲಸ

ಗುಜರಿ ಅಂಗಳದ ಹಿಂದಿನ ಮನೆ,
ಹನ್ನೆರಡನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕಾ,

ಹೋಗಿದ್ದು ಒಂದೇ ಹಲ್ಲು. ಎರಡು ಅಂತ ನಮ್ಮನೆಯವಳು ಫೋನಿನಲ್ಲಿ ಹೇಳಿದ್ದು ಅವಳ ಲೆಕ್ಕ. ಎರಡನೆಯದು ಬರೀ ಅಲ್ಲಾಡ್ತಾ ಇದೆ, ಇರಬೇಕೋ ಹೋಗಬೇಕೋ ಅಂತ ಅದೇ ಇನ್ನೂ ತೀರ್ಮಾನ ಮಾಡಿಲ್ಲ. ನೀನು ಹೇಗಿದ್ದೀಯ? ಮಣಿಕಟ್ಟು ಪೂರ್ತಿ ತಿರುಗುತ್ತಾ, ಇಲ್ಲ ಅರ್ಧಕ್ಕೇ ನಿಲ್ಲುತ್ತಾ? ಇಸ್ತ್ರಿ ಪೆಟ್ಟಿಗೆಯನ್ನ ಆ ಕೈಲಿ ಎತ್ತಬೇಡ, ಇನ್ನೊಂದು ಕೈಲಿ ಎತ್ತು. ಆಸ್ಪತ್ರೆ ಬಟ್ಟೆ ಒಗೆಯೋ ಕಡೆ ಬಿಸಿನೀರಿನ ಹಬೆ ಜಾಸ್ತಿ ಅಂದಿದ್ದೆ, ಕೆಮ್ಮು ಬಂದರೆ ತಡಮಾಡದೆ ತೋರಿಸ್ಕೋ. ಭಾವ ನಿನ್ನ ಫೋನನ್ನ ಗೋಡೆಗೆ ಹೊಡೆದಾಗಿನಿಂದ ನಿನ್ನ ಹತ್ತಿರ ಮಾತಾಡಬೇಕು ಅಂದರೆ ಹಾಸ್ಟೆಲ್ಲಿನ ವಾರ್ಡನಮ್ಮನ್ನ ಕಾಡಬೇಕು. ನನ್ನ ತುಟಿಗೆ ಬೇರೆ ಹೊಲಿಗೆ ಹಾಕಿದ್ದಾರೆ, ಮಾತಾಡಿದರೆ ಬಾಯಿಗೆ ಬಟ್ಟೆ ತುರುಕಿದ ಹಾಗೆ ಕೇಳುತ್ತೆ. ಅದಕ್ಕೇ ಪತ್ರ. ನನ್ನ ಅಕ್ಷರ ನಿನಗೆ ಗೊತ್ತು, ಕೋಳಿ ಕೆದರಿದ ಹಾಗೆ. ಮೇಷ್ಟ್ರು ನನ್ನನ್ನ ಶಾಲೆ ಬಿಡಿಸಿದ್ದೇ ನನ್ನ ಭಾರ ಹೊರೋ ಬೆಂಚಿನ ಮೇಲಿನ ಕನಿಕರಕ್ಕೆ. ಇವತ್ತು ಹಳೇ ರಟ್ಟಿನ ಲೋಡು ನೀನಿರೋ ಊರಿನ ಕಾಗದದ ಕಾರ್ಖಾನೆಗೆ ಹೋಗ್ತಾ ಇದೆ. ಲಾರಿ ಡ್ರೈವರಣ್ಣನ ಕೈಗೆ ಕೊಟ್ಟು ಕಳಿಸ್ತೀನಿ, ನಾಳೆ ನಿನ್ನ ಕೈ ಸೇರುತ್ತೆ.

ನಾನು ಅಂಗಳದಲ್ಲಿ ಜಾರಿ ಬಿದ್ದೆ ಅಂತ ಇವಳು ಹೇಳಿದ್ದು ಸುಳ್ಳು. ಪಕ್ಕದಲ್ಲಿ ನಿಂತು ಕೈಸನ್ನೆ ಮಾಡಿ ನಾನೇ ಹೇಳಿಸಿದ್ದು. ಅಷ್ಟಕ್ಕೆ ನೀನು ಸುಮ್ಮನಾಗ್ತೀಯ ಅಂದುಕೊಂಡೆ. ನೀನು ನೋಡಿದರೆ ಶುಕ್ರವಾರದ ಬಸ್ಸಿಗೆ ಬಂದೇ ಬಿಡ್ತೀನಿ ಅಂದೆಯಂತೆ. ಭಾವ ಕುಡಿಯೋದು ಬಿಟ್ಟಿದ್ದೀನಿ ಅಂತ ದೊಡ್ಡಪ್ಪನ ಕೈಲಿ ಹೇಳಿಸಿದ್ದಾರೆ, ಒಂದು ಸಲ ಮನೆಗೆ ಹೋಗಿ ನೋಡ್ತೀನಿ, ತಮ್ಮ ಇದ್ದಾನಲ್ಲ, ‘ಅವನು ಪಕ್ಕದಲ್ಲಿ ಕೂತಿದ್ದರೆ ಸಾಕು’ ಅಂದೆಯಂತೆ. ಆ ಮಾತು ಕೇಳಿದಾಗಿನಿಂದ ನನಗೆ ಊಟ ಇಳೀತಿಲ್ಲ. ಮೊದಲೇ ಇಳಿಯೋದು ನಾಲ್ಕು ಚಮಚ.

ನೀನು ನನ್ನನ್ನ ಕಡೇ ಸಲ ನೋಡಿದ್ದು ಆಸ್ಪತ್ರೆಯಲ್ಲಿ ಎರಡು ಮಂಚ ಜೋಡಿಸಿ ಮಲಗಿಸಿದ್ದರಲ್ಲ, ಆವಾಗ. ಹೊಟ್ಟೆ ಸಣ್ಣ ಮಾಡೋ ಆಪರೇಷನ್ ಬೇಡವೇ ಬೇಡ ಅಂತ ನಾನು ಗೋಗರೆದರೂ ನೀನು ಬಿಡಲಿಲ್ಲ. ಸಕ್ಕರೆ ಕಾಯಿಲೆ ಏರ್ತಿದೆ, ಮಂಡಿ ಮುರೀತಿದೆ, ನಿನ್ನ ಹೆಣ ಹೊರೋಕೆ ಊರಲ್ಲಿ ಜನ ಸಾಲಲ್ಲ ಅಂತ ಬೈದು ಕರ್ಕೊಂಡು ಹೋದೆ. ಈಗ ನೀನು ನನ್ನನ್ನ ನೋಡಿದರೆ ಯಾರೋ ಬಂದಿದ್ದಾರೆ ಅಂತ ತಲೆ ಮೇಲೆ ಸೆರಗು ಹೊದ್ದುಕೋತೀಯ. ಅರ್ಧ ಇಳಿದಿದ್ದೀನಿ. ಹಳೇ ಪ್ಯಾಂಟಿನ ಒಂದು ಕಾಲೊಳಗೆ ಪೂರ್ತಿ ಇಳಿದು ನಿಂತು ನಮ್ಮನೆಯವಳನ್ನ ನಗಿಸ್ತೀನಿ. ಡಾಕ್ಟರು ಬಿಟ್ಟಿರೋ ಹೊಟ್ಟೆ ಒಂದು ಬಾಳೆಹಣ್ಣಿನಷ್ಟಂತೆ. ಅದಕ್ಕೆ ನೂರೆಂಟು ಮರ್ಯಾದೆ. ಊಟದ ಜೊತೆ ನೀರು ಕುಡಿಯಬಾರದು. ತುತ್ತು ನೀರಾಗೋ ತನಕ ಅಗೀಬೇಕು. ಒಂದು ಚಮಚ ಜಾಸ್ತಿ ಆದರೆ ಎದೆಯಲ್ಲಿ ಕಲ್ಲು ಸಿಕ್ಕಿಕೊಂಡ ಹಾಗೆ ಆಗಿ ಎಲ್ಲಾ ವಾಪಸ್. ಸಿಹಿ ತಿಂದರೆ ಎದೆ ಡಬಡಬ ಹೊಡ್ಕೊಂಡು, ಮೈಯೆಲ್ಲ ಬೆವರಿ, ನಿಂತಲ್ಲೇ ಕುಸೀತೀನಿ. ಮಗುವಿಗೆ ತಿನ್ನಿಸೋ ಚಮಚ, ಉಪ್ಪಿಡೋ ಬಟ್ಟಲು, ಮಿಕ್ಸಿಯಲ್ಲಿ ರುಬ್ಬಿದ ಬೇಳೆ. ಒಂದು ಕಾಲದಲ್ಲಿ ನಾನು ಊಟಕ್ಕೆ ಕೂತರೆ ನೀನು ಪಾತ್ರೆ ಬಚ್ಚಿಡ್ತಿದ್ದೆ!

ಆದರೆ ಅಕ್ಕಾ, ಮೈ ಇಳಿದರೂ ಮೈಯ ಚಾಳಿ ಇಳಿದಿಲ್ಲ. ಈಗಲೂ ಬಾಗಿಲಲ್ಲಿ ಅಡ್ಡಡ್ಡ ತೂರ್ತೀನಿ. ಪ್ಲಾಸ್ಟಿಕ್ ಕುರ್ಚಿ ಕಂಡರೆ ಮೊದಲು ಕೈಯೂರಿ ಅದರ ಕ್ಷೇಮ ವಿಚಾರಿಸ್ತೀನಿ. ಬಸ್ಸು ಕಂಡರೆ ಈಗಲೂ ದೂರದಿಂದಲೇ ವಾಪಸ್ ತಿರುಗ್ತೀನಿ. ಅವತ್ತು ಬಸ್ಸಿನ ಬಾಗಿಲಲ್ಲಿ ಸಿಕ್ಕಿಹಾಕೊಂಡಾಗ ಹಿಂದಿನವರು ಬೆನ್ನಿಗೆ ಕೈ ಕೊಟ್ಟು ತಳ್ಳಿದ್ದು, ಕಂಡಕ್ಟರು ಎರಡು ಟಿಕೆಟ್ ತಗೋ ಅಂತ ಎಲ್ಲರೆದುರು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಇಷ್ಟು ತಿಂಗಳಾದರೂ ನಿನ್ನನ್ನ ನೋಡೋಕೆ ಬರದೇ ಇರೋದಕ್ಕೆ ಅದೇ ಕಾರಣ, ಬೇರೆ ಏನೋ ಅಂದುಕೋಬೇಡ. ಅಂಗಳದಲ್ಲೂ ಅದೇ ಕತೆ. ರಟ್ಟಿನ ರಾಶಿ ಮೇಲೆ ನಾನು ದಪ್ಪಂತ ಕೂರೋದು, ರಾಶಿ ಉಸಿರುಬಿಟ್ಟು ಅಮುಕಿಕೊಂಡ ತಕ್ಷಣ ನಮ್ಮ ಹಗ್ಗ ಬಿಗಿದು ಕಟ್ಟೋದು. (ಕಟ್ಟು ಕಟ್ಟೋ ಕಡ್ಡಿಪೈಲ್ವಾನ, ನಿನಗೆ ಗೊತ್ತಲ್ಲ, ಅವನ ಹೆಸರೇ ಹಗ್ಗ ಆಗಿಹೋಗಿದೆ.) ಈಗ ನಾನು ಕೂತರೆ ರಟ್ಟು ನನ್ನನ್ನೇ ಮೇಲಕ್ಕೆ ಎಸೆಯುತ್ತೆ. ‘ಡ್ರಮ್ಮಣ್ಣಾ, ಕೂತಿದ್ದೀಯಾ, ಇನ್ನೂ ಬರಬೇಕಾ?’ ಅಂತ ಹಗ್ಗ ಕೇಳ್ತಾನೆ. ತಗಡಿನ ಡಬ್ಬಿ ಚಪ್ಪಟೆ ಮಾಡೋಕೆ ಯಜಮಾನರು ನನ್ನ ಕೈಗೆ ಸುತ್ತಿಗೆ ಕೊಟ್ಟಿದ್ದಾರೆ. ಹೊಡೆಯೋದು ನನಗೆ ಬರೋದೇ ಇಲ್ಲ, ಕೂರೋದೊಂದೇ ಬರ್ತಿತ್ತು.

ಭಾವನ ಮೇಲೆ ಕೂರೋದೂ ಹಾಗೇ ತಾನೇ ಶುರುವಾಗಿದ್ದು. ಮೊದಲನೇ ಸಲ ನಿಮ್ಮ ಎದುರುಮನೆ ಟೈಲರ್ ಮಷಿನ್ನು ನಿಲ್ಲಿಸಿ ಓಡಿಬಂದು ಕೂಗಿದ. ನಾನು ಬಂದಾಗ ಭಾವ ನಿನ್ನ ಜಡೆ ಕೈಗೆ ಸುತ್ತಿಕೊಂಡು ತಲೆಯನ್ನ ಬಾಗಿಲಿಗೆ ಕುಟ್ತಾ ಇದ್ದರು. ಬಾಗಿಲ ಬಣ್ಣದ ಮೇಲೆ ನಿನ್ನ ರಕ್ತ ಇತ್ತು. ನನಗೇನು ಗೊತ್ತು ಹೇಗೆ ಹೊಡೀಬೇಕು ಅಂತ? ಎದೆ ಕೊಟ್ಟು ತಳ್ಳಿದೆ, ಬಿದ್ದರು, ಮೇಲೆ ಕೂತುಬಿಟ್ಟೆ. ನನ್ನ ತೊಡೆ ಕಚ್ಚಿದರು, ನಮ್ಮ ಸತ್ತ ಅಪ್ಪ ಅಮ್ಮನ್ನೆಲ್ಲ ಎಬ್ಬಿಸಿ ಬೈದರು, ಕಾಲು ಝಾಡಿಸಿದರು. ನಾನು ಏಳಲಿಲ್ಲ. ನಿನ್ನ ಹುಬ್ಬಿಂದ ರಕ್ತ ಇಳೀತಾ ಇದ್ದರೂ, ಏನು ಮಾಡೋದು ತೋಚದೆ, ಒಂದು ಲೋಟ ಚಹಾ ಮಾಡಕ್ಕಾ ಅಂದೆ. ಕಿಟಕಿಯಲ್ಲಿ ನಿಂತ ಜನ ನಕ್ಕರು, ಕಡೆಗೆ ನೀನೂ ನಕ್ಕೆ. ‘ಸಾಕು, ಎದ್ದೇಳೋ, ಉಸಿರು ಹೋಗ್ತಿದೆ’ ಅಂತ ಭಾವ ಅಂದ ಮೇಲೇ ನಾನು ಎದ್ದಿದ್ದು. ಆಮೇಲಿಂದ ಅದು ನನಗೆ ಎರಡನೇ ಕೆಲಸ ಆಯ್ತು. ಸಂಬಳ ಇಲ್ಲ, ಚಹಾ ಉಂಟು. ನನ್ನ ಚಪ್ಪಲಿ ಸದ್ದು ಕೇಳಿದರೇ ಭಾವ ಎತ್ತಿದ ಕೈ ಇಳಿಸೋ ಹಾಗೆ ಆಗಿತ್ತಲ್ಲ! ನಾನು ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ ತಿಂಗಳಲ್ಲೇ ಅವರು ನಿನ್ನ ಕೈ ಬಾಗಿಲ ಸಂದಿಗೆ ಇಟ್ಟು ಮುರಿದಿದ್ದು. ಟೈಲರ್ ಕೂಗಿದ್ದು ನನಗೆ ಕೇಳಿಸಿತ್ತು ಅಕ್ಕಾ. ಏಳೋಕೆ ಹೋಗಿ ಮಂಚದ ಕೆಳಗೆ ಬಿದ್ದೆ. ಅವತ್ತೇ ನೀನು, ನನ್ನನ್ನೂ ಕಾಣದೆ, ಊರು ಬಿಟ್ಟು ಆ ಹಾಸ್ಟೆಲ್ ಸೇರಿದೆ.

ಈಗ ಭಾನುವಾರದ ವಿಷಯ. ನಾನು ಅಡುಗೆಮನೆಯಲ್ಲಿ ಕೂತು ಬೇಳೆ ಅಗೀತಾ ಇದ್ದೆ. ಬೇಳೆಯನ್ನ ಯಾರಾದರೂ ಅಗೀತಾರಾ ಅಂತ ನಗಬೇಡ, ನಾನು ಅಗೀತೀನಿ. ಭಾವ ಬಂದರು. ತಲೆ ಬಾಚಿ, ಒಗೆದ ಅಂಗಿ ಹಾಕಿ, ಕೈಯಲ್ಲಿ ಸಿಹಿ ಡಬ್ಬಿ. ಕುಡಿದಿರಲಿಲ್ಲ, ಅದು ನಿಜ. ಎದುರಿಗೆ ಕೂತು ನನ್ನನ್ನೇ ನೋಡಿದರು. ವೆಲ್ಡಿಂಗ್ ಮಾಡೋರು ಬೆಸುಗೆ ಎಲ್ಲಿ ಬಿಡುತ್ತೆ ಅಂತ ತಿರುಗಿಸಿ ತಿರುಗಿಸಿ ನೋಡ್ತಾರಲ್ಲ, ಹಾಗೆ. ‘ಏನೋ ಡ್ರಮ್ಮು, ಗಾಳಿ ಹೋಯ್ತಾ?’ ಅಂದರು. ಪೂರ್ತಿ ಹೋಗಿಲ್ಲ ಭಾವ, ಆಗಾಗ ಹೋಗುತ್ತೆ ಅಂದೆ. ಇವಳು ನಕ್ಕಳು, ಅವರು ನಗಲಿಲ್ಲ. ಅಕ್ಕನ ವಿಳಾಸ ಕೊಡು, ನಾನೇ ಹೋಗಿ ಕರ್ಕೊಂಡು ಬರ್ತೀನಿ ಅಂದರು. ಬರೋದು ಬಿಡೋದು ಅವಳಿಷ್ಟ ಭಾವ, ವಿಳಾಸ ಮಾತ್ರ ಕೇಳಬೇಡಿ ಅಂದೆ. ಆಗ ಡಬ್ಬಿ ತೆಗೆದು, ಬಾಯಿ ಸಿಹಿ ಮಾಡ್ಕೋ ಅಂತ ಒಂದು ಉಂಡೆ ನನ್ನ ಬಾಯಿಗೆ ಒತ್ತಿದರು. ನನಗೆ ಸಿಹಿ ಆಗಲ್ಲ ಅಂತ ಹಲ್ಲು ಕಚ್ಚಿ ಕೂತೆ. ಕೆನ್ನೆಯ ಎರಡೂ ಕಡೆ ಬೆರಳು ಹಾಕಿ, ಎಮ್ಮೆಗೆ ಔಷಧಿ ಕುಡಿಸೋ ಹಾಗೆ ನನ್ನ ದವಡೆ ಬಿಚ್ಚಿಸಿ ತುರುಕಿದರು. ಇವಳು ಬಿಡಿಸೋಕೆ ಬಂದಳು. ಒಂದೇ ಕೈಲಿ ತಳ್ಳಿದರು, ಇವಳ ತಲೆ ಪಾತ್ರೆ ಹಲಗೆಗೆ ಬಡಿದು ಲೋಟಗಳೆಲ್ಲ ಸುರಿದವು.

ಆಗ ನಾನು ಎದ್ದೆ. ನಾನಲ್ಲ, ನನ್ನ ಚಾಳಿ ಎದ್ದಿತು. ಎದೆ ಕೊಟ್ಟು ನುಗ್ಗಿದೆ. ಚೆಲ್ಲಿದ ನೀರಿನ ಮೇಲೆ ಭಾವ ಕಾಲು ಜಾರಿ ಬಿದ್ದರು. ನಾನು ಮೇಲೆ ಕೂತೆ, ಎಂದಿನ ಹಾಗೆ, ದಪ್ಪಂತ. ಆಮೇಲೆ ಇಬ್ಬರೂ ಕಾದೆವು ಅಕ್ಕಾ. ಉಸಿರು ಕಟ್ಟುತ್ತೆ ಅಂತ ಅವರು ಕಾದರು, ‘ಸಾಕು ಏಳೋ’ ಅಂತಾರೆ ಅಂತ ನಾನು ಕಾದೆ. ಅವರು ಹೇಳಲಿಲ್ಲ. ನನ್ನ ಕೆಳಗೆ ನಗು ಶುರುವಾಯ್ತು. ಕುಕ್ಕರಿನ ಮೇಲೆ ಕೂತ ಹಾಗೆ ಕುಲುಕಿದೆ. ಆಮೇಲೆ ಮಡಕೆ ಮೇಲಿನ ಮುಚ್ಚಳ ತೆಗೆದ ಹಾಗೆ ನನ್ನನ್ನ ತೆಗೆದು ಪಕ್ಕಕ್ಕೆ ಹಾಕಿದರು.

ಮೊದಲ ಗುದ್ದಿಗೆ ಹಲ್ಲು ಹೋಯ್ತು. ಎರಡನೆಯದು ಎಲ್ಲಿ ಬಿತ್ತು ಗೊತ್ತಾಗಲಿಲ್ಲ, ತುಟಿ ಹರಿದಿದ್ದು ಆಗಲೇ ಇರಬೇಕು. ಹೊಟ್ಟೆಯ ಮೇಲೆ, ಆಪರೇಷನ್ನಿನ ಗುರುತಿನ ಮೇಲೇ ಮಂಡಿ ಊರಿದರು. ಬೇಳೆ, ಸಿಹಿ, ರಕ್ತ ಎಲ್ಲಾ ಒಟ್ಟಿಗೆ ಬಂತು. ತೆವಳೋಕೆ ನೋಡಿದರೆ ಕುತ್ತಿಗೆ ಹತ್ತಿರ ಜೋತುಬಿದ್ದ ಚರ್ಮ ಇದೆಯಲ್ಲ, ಅದನ್ನೇ ಚೀಲದ ಕಿವಿ ಹಿಡಿದ ಹಾಗೆ ಹಿಡಿದು ಎಳೆದು ತಂದು ಹಣೆಯನ್ನ ನೆಲಕ್ಕೆ ಕುಟ್ಟಿದರು. ದಪ್ಪ ಇದ್ದಾಗ ಹಿಡಿಯೋಕೆ ಜಾಗವೇ ಇರಲಿಲ್ಲ, ಈಗ ಹಿಡಿ ಇಟ್ಟುಕೊಂಡು ಓಡಾಡ್ತಿದ್ದೀನಿ ನೋಡು. ಸಿಹಿ ಒಳಗೆ ಹೋಗಿ ಎದೆ ಬೇರೆ ಓಡ್ತಾ ಇತ್ತು. ಇವನು ಕೊಲ್ಲೋ ಮುಂಚೆ ಆ ಉಂಡೆಯೇ ಕೊಲ್ಲುತ್ತೆ ಅಂದುಕೊಂಡೆ. ಆಗ ನಮ್ಮನೆಯವಳು ಮಿಕ್ಸಿ ಜಾರ್ ತಗೊಂಡು, ಬೇಳೆ ಸಮೇತ, ಭಾವನ ಕಿವಿಯ ಮೇಲೆ ಬೀಸಿದಳು. ಅಬ್ಬಾ, ಆ ಸದ್ದು! ಕಿವಿ ಸೀಳಿತು. ತಿರುಗಿ ಅವಳ ಕುತ್ತಿಗೆಗೆ ಕೈ ಹಾಕಿದರು, ಇನ್ನೊಮ್ಮೆ ಬೀಸಿದಳು. ಅಷ್ಟರಲ್ಲಿ ನಮ್ಮ ಹಗ್ಗ, ರಟ್ಟಿನ ಕಟ್ಟು ಎಳೆಯೋ ಕಬ್ಬಿಣದ ಕೊಕ್ಕೆ ಹಿಡ್ಕೊಂಡು ಬಾಗಿಲಿಗೆ ಬಂದ. ಭಾವ ಎದ್ದು ಅಂಗಿ ಕೊಡವಿಕೊಂಡರು, ಕಿವಿಯ ರಕ್ತ ನಮ್ಮ ಕೈ ಒರೆಸೋ ಬಟ್ಟೆಯಲ್ಲೇ ಒರೆಸಿಕೊಂಡರು, ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿ ಹೋದರು. ಅದು ಬಿಡು, ಕೋಪದಲ್ಲಿ ಏನೋ ಅಂತಾರೆ.

ಆಸ್ಪತ್ರೆಗೆ ಹೋದೆವು. ಒಳಗಿನ ಬಾಳೆಹಣ್ಣಿಗೆ ಏನೂ ಆಗಿಲ್ಲ ಅಂದರು. ಠಾಣೆಗೂ ಹೋಗಿ ಬರೆಸಿದೆವು. ಅವರು ಭಾವನನ್ನ ಕರೆಸಿ, ಬುದ್ಧಿ ಹೇಳಿ, ಮನೆ ಜಗಳ ಮನೆಯಲ್ಲೇ ಮುಗಿಸ್ಕೊಳ್ಳಿ ಅಂತ ಕಳಿಸಿದ್ದಾರೆ. ನಮ್ಮನೆಯವಳ ಕುತ್ತಿಗೆಯಲ್ಲಿ ಐದು ಬೆರಳಿನ ನೀಲಿ ಇದೆ, ಅದಕ್ಕಿಂತ ಜಾಸ್ತಿ ಅವಳು ಜಾರ್ ಒಡೆದುಹೋಯ್ತು ಅಂತ ಅಳ್ತಾಳೆ. ಈ ವಯಸ್ಸಿಗೆ ನನಗೆ ಮೊದಲನೇ ಸಲ ಏಟು ಬಿದ್ದಿದ್ದು ಅಕ್ಕಾ. ನನ್ನ ಗಾತ್ರ ನೋಡಿ ಯಾರೂ ಕೈ ಎತ್ತುತ್ತಿರಲಿಲ್ಲ. ಈಗ ಗೇಟು ಕಿರ್ ಅಂದರೆ ನನ್ನ ಕೈ ತಾನಾಗಿ ಮುಖಕ್ಕೆ ಅಡ್ಡ ಬರುತ್ತೆ. ನಾನು ತಲೆ ಕೆರೆಯೋಕೆ ಕೈ ಎತ್ತಿದರೂ ನೀನು ಹೀಗೇ ಮಾಡ್ತಿದ್ದೆ, ನೊಣ ಬಂತಾ ಅಂತ ನಾನು ತಮಾಷೆ ಮಾಡ್ತಿದ್ದೆ.

ಶುಕ್ರವಾರದ ವಿಷಯ ನೀನೇ ಯೋಚನೆ ಮಾಡು. ನೀನು ದೊಡ್ಡವಳು, ನಾನೇನು ಹೇಳಲಿ? ದೊಡ್ಡಪ್ಪನೂ ಭಾವ ಬದಲಾಗಿದ್ದಾನೆ ಅಂತಾರೆ. ವಾರ್ಡನಮ್ಮನಿಗೆ ನಮಸ್ಕಾರ ಹೇಳು, ನನ್ನ ಹಲ್ಲಿನ ಸುದ್ದಿ ಅವರಿಗೆ ಹೇಳಬೇಡ, ಮೊದಲೇ ಹೆದರೋ ಹೆಂಗಸು. ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಪಾಲಿನದೂ ಉಣ್ಣು, ನನ್ನ ಹತ್ತಿರ ಬೇಕಾದಷ್ಟು ಮಿಕ್ಕಿದೆ.

ನಿನ್ನ ಬೆನ್ನಿಗೆ ಬಿದ್ದ ತಮ್ಮ,
ಖಾಲಿ ಡ್ರಮ್ಮು

ತಾ.ಕ.: ಡ್ರೈವರಣ್ಣ ಊಟ ಮುಗಿಸಿ ಕೈ ತೊಳೆದು ಲಾರಿ ಹತ್ತುತ್ತಾ ಇದ್ದಾನೆ, ಬೇಗ ಬರೀತೀನಿ. ಬಸ್ ಹತ್ತಬೇಡ ಅಕ್ಕಾ. ಭಾನುವಾರ ಬಾಗಿಲಲ್ಲಿ ನಿಂತು ನಿನ್ನ ಗಂಡ ಅಂದಿದ್ದು ಇದು: ‘ಬರ್ಲಿ ಅವಳು. ಇನ್ನು ನನ್ನ ಮೇಲೆ ಕೂರೋಕೆ ಯಾರಿದ್ದಾರೆ?’ ನಗ್ತಾ ಅಂದ, ಕುಡೀದೇ ಅಂದ. ನೀನು ನಂಬಿಕೊಂಡು ಬರ್ತಿರೋ ತಮ್ಮ ಈಗ ಇಲ್ಲ, ಆಪರೇಷನ್ ಮಾಡಿ ತೆಗೆದುಹಾಕಿದ್ದಾರೆ. ನೀನು ಅಲ್ಲೇ ಇರು. ಶುಕ್ರವಾರ ನಾನೇ ಬರ್ತೀನಿ, ಇವಳನ್ನೂ ಕರ್ಕೊಂಡು. ನಿನ್ನೆ ಹಗ್ಗನ ಜೊತೆ ಬಸ್ ನಿಲ್ದಾಣಕ್ಕೆ ಹೋಗಿ, ಖಾಲಿ ನಿಂತಿದ್ದ ಬಸ್ಸಿನೊಳಗೆ ಹತ್ತಿ ಕೂತು ನೋಡಿದೆ. ಒಂದೇ ಸೀಟು ಸಾಕು. ಪಕ್ಕದಲ್ಲಿ ಇನ್ನೊಬ್ಬರು ಕೂರೋಕೆ ಜಾಗ ಉಳಿಯುತ್ತೆ ಅಕ್ಕಾ! ಅಲ್ಲಿ ಬಟ್ಟೆ ಮೂಟೆ ಹೊರೋಕೆ ಜನ ಬೇಕಾ ಕೇಳಿಡು, ಇವಳಿಗೂ ಏನಾದರೂ. ಇವಳು ಊಟಕ್ಕೆ ಕರೀತಿದ್ದಾಳೆ, ಹೊಸ ಜಾರಿನಲ್ಲಿ ರುಬ್ಬಿದ್ದಾಳಂತೆ, ಆರಿಹೋಗುತ್ತಂತೆ, ಬಂದೆ ಕಣೇ ಅಂದೆ. ಡ್ರೈವರಣ್ಣ ಹಾರನ್ ಹೊಡೀತಿದ್ದಾನೆ, ಇಷ್ಟೇ.