ಗಜಕಡ್ಡಿ

ನವೆಂಬರ್ ೧೪, ಭಾನುವಾರ

ಹಾಗೆ ಅನ್ನಬಾರದಿತ್ತು. ಬಾಯಿ ತಪ್ಪಿ ಬಂದುಬಿಟ್ಟಿತು.

ಇವತ್ತು ಗಜಕಡ್ಡಿಯೂ ನಾನೂ ಐವತ್ತು ವರ್ಷದ ಹಿಂದೆ ನಾವು ಓದಿದ ವಿಶ್ವವಿದ್ಯಾಲಯದ ಕಟ್ಟಡಗಳ ಫೋಟೋ ತೆಗೆಯಲು ಹೋಗಿದ್ದೆವು. ವಾಸ್ತುಶಿಲ್ಪದ ತರಗತಿಯಲ್ಲಿ ಅವಳಿಗೆ ಆ ಹೆಸರಿಟ್ಟವಳು ನಾನೇ. ಪಕ್ಕದಲ್ಲಿ ಯಾರಾದರೂ ನಿಂತರೆ ತಾನೇ ಫೋಟೋದಲ್ಲಿ ಕಟ್ಟಡದ ಎತ್ತರ ತಿಳಿಯುವುದು? ಕಂಬದಂಥ ಹುಡುಗಿ, ಎಲ್ಲರ ಫೋಟೋಗೂ ಅವಳೇ ನಿಲ್ಲಬೇಕು. "ನನ್ನ ಮುಖ ಯಾರಿಗೂ ಬೇಡ, ಉದ್ದ ಮಾತ್ರ ಬೇಕು" ಎಂದು ಬಿಸಿಲಲ್ಲಿ ಗೊಣಗುತ್ತಿದ್ದಳು.

ಗ್ರಂಥಾಲಯ ಕಂಡದ್ದೇ ತಡ, ಕೈಚೀಲ ನನಗೆ ಕೊಟ್ಟು ತಾನಾಗಿಯೇ ಹೋಗಿ ಬಾಗಿಲ ಪಕ್ಕದ ಹಳೆಯ ಜಾಗದಲ್ಲಿ ನಿಂತಳು. ಗೋಡೆಯ ಕಲ್ಲಿನ ಪಟ್ಟಿ ಆಗೆಲ್ಲ ಅವಳ ಕಿವಿಗೆ ಸಮ ಬರುತ್ತಿತ್ತು. ಇವತ್ತು ಕ್ಯಾಮೆರಾದಲ್ಲಿ ನೋಡಿದರೆ ನೆತ್ತಿಗಿಂತ ಮೇಲಿದೆ.

"ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳೇ" ಅಂದೆ.

"ನೆಟ್ಟಗೇ ನಿಂತಿದೀನಲ್ಲೇ."

ಕ್ಯಾಮೆರಾದಿಂದ ಮುಖ ತೆಗೆಯಲು ನನಗೆ ಧೈರ್ಯ ಬರಲಿಲ್ಲ. ನಕ್ಕವಳು ಅವಳೇ. "ಬಿಡು, ನಾನು ಕುಗ್ಗಿದಷ್ಟೂ ನಿನ್ನ ಕಟ್ಟಡ ಎತ್ತರ ಕಾಣುತ್ತೆ. ಬೇಗ ತೆಗಿ, ಕಾಲು ನೋಯ್ತಿದೆ."

ಈಗ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೇನೆ. ಅವಳು ಹೇಳಿದ್ದು ನಿಜ, ಗ್ರಂಥಾಲಯ ಬೆಳೆದಿದೆ. ಎರಡರಲ್ಲೂ ಅವಳ ಮುಖ ಸಾಸಿವೆ ಕಾಳಿನಷ್ಟು.

ಬರುವ ಭಾನುವಾರ ಗಡಿಯಾರದ ಗೋಪುರಕ್ಕೆ ನಿಲ್ಲುತ್ತಾಳಂತೆ. ನಿಲ್ಲಲಿ. ನಾನು ಹತ್ತಿರ ಹೋಗುತ್ತೇನೆ, ಇನ್ನೂ ಹತ್ತಿರ, ಗೋಪುರವೆಲ್ಲ ಫೋಟೋದಿಂದ ಹೊರಗೆ ಹೋಗಿ ಅವಳ ಮುಖವೊಂದೇ ಉಳಿಯುವವರೆಗೆ.