ದೇವರು ಹೊರಟ ಮೇಲೆ ತೆರೆದ ಬಾಗಿಲು

ಪೆನ್ನಾಗರಂ ಬಳಿಯ ಹೊಸ ಹಟ್ಟಿ,
೧೬-೯-೧೯೩೪

ಪ್ರೀತಿಯ ನಾರಪ್ಪನಿಗೆ ಗೆಳೆಯ ಸುಬ್ಬರಾಯನ್ ಮಾಡುವ ನಮಸ್ಕಾರ.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಸೋಮಾರಿತನವಲ್ಲ, ಊರನ್ನೇ ಹೊತ್ತು ಗುಡ್ಡ ಹತ್ತುತ್ತಿದ್ದೆವು. ನಾವು ಈಜು ಕಲಿತ ಬಂಡೆಗಳನ್ನೆಲ್ಲ ಮೆಟ್ಟೂರು ಅಣೆಕಟ್ಟಿನ ನೀರು ನುಂಗಿತು. ನಿನ್ನ ತಾಯಿ ತಂಗಮ್ಮ ಕ್ಷೇಮ. ನಿಮ್ಮ ಕೇರಿಗೂ ಮೇಲೆ ಜಾಗ ಕೊಟ್ಟಿದ್ದಾರೆ, ನಮ್ಮ ಮಗ್ಗದ ಬೀದಿಯಿಂದ ಮೊದಲಿನಷ್ಟೇ ದೂರದಲ್ಲಿ. "ಕೋಲಾರದ್ ಗಣಿಯೊಳ್ಗೆ ಬೋ ಬಿಸಿಯಂತೆ, ನೀರ್ ಕುಡೀತಾನಾ ಕೇಳು" ಎಂದಿದ್ದಾಳೆ.

ನೀನು ಒಳಗೆ ಕಾಲಿಡಲಾಗದ ಆ ಈಶ್ವರನ ಗುಡಿಯನ್ನು ಹೋದ ವರ್ಷ ನಾನು ಮಗ್ಗದ ನೂಲು ಹಿಡಿದು ಅಳೆದೆ. ಅದು ಮುಳುಗುವುದರಿಂದ ಗುಡ್ಡದ ಮೇಲೆ ಅಂಥದ್ದೇ ಕಟ್ಟಲು ನಕ್ಷೆ ಬೇಕೆಂದು ಊರವರು ಕೇಳಿದ್ದರು. ಏಳುನೂರು ವರ್ಷದ ಕಟ್ಟಡ ಅನ್ನುತ್ತಾರೆ. ಗಾರೆ ಇಲ್ಲ, ಕಲ್ಲನ್ನು ಕಲ್ಲಿನ ಭಾರವೇ ಹಿಡಿದಿದೆ. ಕಂಬಗಳು ಬುಡದಲ್ಲಿ ಚೌಕ, ಮೇಲೆ ಹದಿನಾರು ಮುಖ, ತಲೆಯಲ್ಲಿ ಕುಂಭ. ನವರಂಗದ ಚಾವಣಿಯಲ್ಲಿ ಕೆಳಮುಖವಾಗಿ ಅರಳಿದ ತಾವರೆ. ತಳದ ಪಟ್ಟಿಯಲ್ಲಿ ಒಂದು ಶಾಸನ, ಅರ್ಧ ತಮಿಳು, ಅರ್ಧ ಕನ್ನಡ: ನಂದಾದೀಪದ ಎಣ್ಣೆಗೆ ನೇಕಾರರು ಬಿಟ್ಟ ದತ್ತಿ. ಅರಸನ ಹೆಸರಿದೆ, ನಮ್ಮವರ ಹೆಸರಿದೆ. ಕಲ್ಲು ಎಳೆದು ತಂದವರ ಹೆಸರಿಲ್ಲ. ಜಾತಿಯ ವಿರುದ್ಧ ನಾವಿಬ್ಬರೂ ಓದಿದ ಪುಸ್ತಿಕೆಗಳು ಕೂಗುವುದು ಇದನ್ನೇ. ಆದರೂ ಆ ತಾವರೆಯ ಕೆಳಗೆ ಅಂಗಾತ ಮಲಗಿ ನೋಡಿದಾಗ ನನಗೆ ಕೂಗಬೇಕೆನಿಸಲಿಲ್ಲ. ಇಷ್ಟು ಚೆಲುವನ್ನು ಮಾಡಬಲ್ಲ ಮನುಷ್ಯನಿಗೆ ಅದರ ಮುಂದೆ ಇನ್ನೊಬ್ಬನನ್ನು ತಡೆಯುವ ಯೋಚನೆ ಹೇಗೆ ಬಂತು ಎಂದು ಬಹಳ ಹೊತ್ತು ಯೋಚಿಸಿದೆ.

ಅಂಗಳದಲ್ಲಿ ನಿಮ್ಮವರು ದಾಟಬಾರದ ಎಲ್ಲೆಗಲ್ಲು ಇತ್ತಲ್ಲ, ಅದನ್ನು ನಕ್ಷೆಯಲ್ಲಿ ಬಿಟ್ಟೆ. ಅಪ್ಪ ನೋಡಿದ. "ಎಲ್ಲಾ ಐತೆ, ಕಲ್ಲೊಂದಿಲ್ಲ." "ಬ್ಯಾಡ ಅಂತಲೇ ಬುಟ್ಟೆ" ಎಂದೆ. ಅವನು ನಕ್ಕು, "ಕುಂಭ ಚೆಂದಾಗ್ ಬರ್ದಿದ್ದೀಯ ಕಣ್ಲಾ" ಎಂದ. ಗೆದ್ದೆ ಎಂದುಕೊಂಡೆ.

ಈ ವರ್ಷ ಆನಿ ತಿಂಗಳಲ್ಲಿ, ನೀರು ಏರುವ ಮುಂಚೆ, ಮಂತ್ರ ಹೇಳಿ ದೇವರ ಕಳೆಯನ್ನು ಕಲಶದ ನೀರಿಗೆ ಇಳಿಸಿಕೊಂಡು, ಲಿಂಗವನ್ನು ಗಾಡಿಗೇರಿಸಿದರು. ಇನ್ನು ಇದು ಬರೀ ಕಲ್ಲುಮನೆ, ಯಾರು ಬೇಕಾದರೂ ಹೋಗಲಿ ಎಂದು ಪೂಜಾರಿಯೇ ಸಾರಿದ. ನಾನು ನಿಮ್ಮ ಕೇರಿಗೆ ಓಡಿದೆ.

"ಅವ್ವಾ, ಬಾ, ಒಳ್ಗೆಲ್ಲ ತೋರುಸ್ತೀನಿ."

ತಂಗಮ್ಮ ಮೊರ ಕೆಳಗಿಡಲಿಲ್ಲ. "ಮನೇವ್ರು ಗಾಡಿ ಕಟ್ಕಂಡ್ ಓದ್ ಮ್ಯಾಲೆ ನೆಂಟ್ರುನ್ನ ಕರೀತೀಯಲ್ಲ ಸಾಮಿ! ಒಲೆ ಆರೋಗೈತೆ, ಏನ್ ಉಣ್ಲಿ?"

ಕೇರಿಯೆಲ್ಲ ನಕ್ಕಿತು. ನಾನು ತಾವರೆಯ ಮಾತೆತ್ತಿದೆ.

"ತಾವ್ರೆ ಕೆರೇಲೇ ಐತೆ. ನಂಗೆ ಆ ದೀಪ ನೋಡ್ಬೇಕು. ದೀಪ ಎಲ್ಲೈತೋ ಅಲ್ಲಿಗ್ ಕರಿ, ಬತ್ತೀನಿ."

ಹೊಸ ಗುಡಿಯಲ್ಲಿ ತೋರಿಸುತ್ತೇನೆಂದು ಮಾತು ಕೊಟ್ಟೆ.

ಎರಡು ತಿಂಗಳ ಮೇಲೆ, ಆವಣಿಯಲ್ಲಿ, ಪ್ರತಿಷ್ಠೆಯಾಯಿತು. ಅವಳು ಮಿಂದು, ತಾನೇ ತೆಗೆದ ಹರಳೆಣ್ಣೆಯನ್ನು ಸೋರೆಬುರುಡೆಯಲ್ಲಿ ಹಿಡಿದು ಬಂದಳು. ತಡೆಯುವ ಕಲ್ಲಿಲ್ಲದ ಅಂಗಳದಲ್ಲಿ ನೇರ ನಡೆದಳು. ಬಾಗಿಲಲ್ಲಿ ಹಿರಿಯರೊಬ್ಬರು ಕೈ ಅಡ್ಡ ಹಿಡಿದು, "ಎಣ್ಣೆ ಅಲ್ಲೇ ಮಡುಗು ತಂಗಮ್ಮ, ನಾವೇ ಉಯ್ತೀವಿ" ಎಂದರು. ನಾನು ಓದಿದ್ದನ್ನೆಲ್ಲ ಕೂಗಿದೆ. ಮೇಳದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅವಳು ಎಣ್ಣೆ ಇಡಲೂ ಇಲ್ಲ, ಅಳಲೂ ಇಲ್ಲ. "ತಲೆಗಾಯ್ತದೆ ಬುಡು" ಎಂದು ಬುರುಡೆಯನ್ನು ಸೊಂಟಕ್ಕಿಟ್ಟು ತಿರುಗಿದಳು.

ನಾವು ನಾಲ್ಕು ಜನ ಹುಡುಗರು ಅವಳನ್ನು ಮತ್ತೆ ಆ ಬಾಗಿಲಿಗೆ ಕರೆದೊಯ್ಯಬೇಕೆಂದಿದ್ದೇವೆ. ಅವಳು ಒಪ್ಪುತ್ತಿಲ್ಲ. ನೀನು ಒಂದು ಮಾತು ಬರೆ, ನಾನು ಓದಿ ಹೇಳುತ್ತೇನೆ. ಭೂಮಿಯೊಳಗೆ ಇಳಿದ ನಿನ್ನನ್ನು ಆ ಭೂಮಿ ದಿನವೂ ಸುಖವಾಗಿ ಮೇಲೆ ಕಳಿಸಲಿ.

ನಿನ್ನ
ಸುಬ್ಬರಾಯನ್

ಮತ್ತೆ: ಮೇಲೆ 'ಹಿರಿಯರೊಬ್ಬರು' ಎಂದು ಬರೆದೆನಲ್ಲ, ಅದು ನನ್ನ ಅಪ್ಪ. ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ. ಅಂದಿನಿಂದ ನಮಗೆ ಮಾತಿಲ್ಲ. ಒಂದೇ ಸೂರಿನಡಿ ಎರಡು ಮಗ್ಗ ಬಡಿಯುತ್ತವೆ. ನಿನ್ನೆ ನನ್ನ ಮಗ್ಗದ ಹಾಸುನೂಲಿನಲ್ಲಿ ಒಂದು ಎಳೆ ಹರಿಯಿತು. ಅವನೇ ಎದ್ದು ಬಂದು ಗಂಟು ಹಾಕಿದ. ಅದೇ ಕೈ, ನಾರಪ್ಪ. ಆ ಗಂಟಿನ ಮೇಲೇ ನಾನು ಮುಂದಕ್ಕೆ ನೇಯ್ದೆ.