ಸರ್ಕಾರಿ ತೋಟದಲ್ಲಿ ಮಾವನವರ ಕಲ್ಲು

ಬ್ರಹ್ಮಪುರ, ಕಲಬುರಗಿ
ಚೈತ್ರ ಬಹುಳ ಪಂಚಮಿ, ಫಸಲಿ ೧೩೩೬

ಗಂಡನನ್ನು ಬಿಟ್ಟು ಕಮಲಾಪುರದ ತವರಲ್ಲಿ ಕೂತರೂ ಮುತ್ತೈದೆತನಕ್ಕೆ ಕುಂದಿಲ್ಲದ ಸೂಗಮ್ಮನಿಗೆ, ಬಡಪಾಯಿ ದೌಲಪ್ಪನ ಶರಣಾರ್ಥಿ.

ನಾನು ಕ್ಷೇಮ. ನಿನ್ನೆ ನಾನು ಸುಟ್ಟ ರೊಟ್ಟಿಯನ್ನು ಬೀದಿಯ ನಾಯಿ ಮೂಸಿತು, ನನ್ನ ಮುಖವನ್ನೊಮ್ಮೆ ನೋಡಿತು, ಮರುಕದಿಂದ ಹೊರಟುಹೋಯಿತು. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯದು. ಕಚೇರಿಯಲ್ಲಿ ಒಂದೇ ಕಾಗದವನ್ನು ಎರಡು ಸಲ ನಕಲು ಮಾಡಿದ್ದೇನೆ.

"ಮಲ್ಲಣ್ಣನ ಮ್ಯಾಗಿನ ಮಾತು ಹೋಗೋತನಕ ನಾ ಬರಂಗಿಲ್ಲ" ಎಂದು ಬರೆದಿದ್ದೀಯ. ನ್ಯಾಯವೇ. ಹೊಲದ ಬದುವಿನಲ್ಲಿದ್ದ ನಿಮ್ಮ ಹಿರಿಯನ ವೀರಗಲ್ಲಿಗೆ ಸೋಮವಾರ ಸೋಮವಾರ ಎಣ್ಣೆ ಹಚ್ಚುವುದು ನಿನ್ನ ತಮ್ಮ ಮಲ್ಲಣ್ಣನ ಪಾಲಿನ ಸೇವೆ. ಎಣ್ಣೆಯ ಗುರುತಿಲ್ಲ, ಆದ್ದರಿಂದ ಪೂಜೆಯಿಲ್ಲದ ಕಲ್ಲು ಎಂದು, ಹಳೆಯ ಕಲ್ಲುಗಳನ್ನು ಕೂಡಿಹಾಕುವ ಸರ್ಕಾರದವರು ಸಂಕ್ರಾಂತಿಯ ವಾರ ಅದನ್ನು ಬಂಡಿಗೇರಿಸಿದರು. ಅಂದಿನಿಂದ ಮಾವನವರು ಮಗನನ್ನು ಪಂಕ್ತಿಯಲ್ಲಿ ಕೂಡಿಸಿಲ್ಲ. ಯುಗಾದಿಯ ದಿನವೂ ಅವನು ಕೊಟ್ಟಿಗೆಯಲ್ಲಿ ಉಂಡ. ಅವನ ಲಗ್ನದ ಮಾತೂ ನಿಂತಿದೆ.

ಹಾಗಾಗಿ ನಿನ್ನೆ ಸಂಜೆ ಐವಾನ್-ಎ-ಶಾಹಿ ಬಂಗಲೆಯ ಆಚೆಯ ಸರ್ಕಾರಿ ತೋಟಕ್ಕೆ ಹೋದೆ. ಇದು ಐದನೆಯ ಸಲ; ಹಿಂದೆಲ್ಲ ಬರೀ ನೋಡಿ ಬಂದಿದ್ದೆ. ಮೊಗ್ರಾ ಮಲ್ಲಿಗೆ ಬಿರಿದಿದೆ, ಬೇವು ಹೂ ಉದುರಿಸುತ್ತಿದೆ. ನಡುವೆ ಜಿಲ್ಲೆಯ ಕಲ್ಲುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದಾರೆ. ಸೊಂಡಿಲು ಮುರಿದ ಆನೆ, ತಲೆಯಿಲ್ಲದ ನಂದಿ, ಜೋಡಿ ನಾಗರ: ಎಲ್ಲರೂ ಕಚೇರಿಯ ಅಂಗಳದಲ್ಲಿ ತಮ್ಮ ಹೆಸರು ಕೂಗುವುದನ್ನು ಕಾಯುವ ಫಿರ್ಯಾದಿಗಳಂತೆ ಕಾಣುತ್ತಾರೆ. ನಿಮ್ಮ ಹಿರಿಯನಂತೂ ಗುಲಾಬಿ ಗಿಡದ ಪಕ್ಕ ಕತ್ತಿ ಎತ್ತಿ, ಕೊರಳಿಗೆ ಉರ್ದು ಚೀಟಿ ಕಟ್ಟಿಸಿಕೊಂಡು ನಿಂತಿದ್ದಾನೆ.

ನನ್ನ ಜೇಬಿನಲ್ಲಿ ಎಣ್ಣೆಯ ಶೀಶೆ ಇತ್ತು. ನಾಲ್ಕು ದಿನ ಗುಟ್ಟಾಗಿ ಹಚ್ಚಿದರೆ ಸಾಹೇಬರು ತಾವೇ ನೋಡಿ, ಇದು ಪೂಜೆಯ ಕಲ್ಲೆಂದು ವಾಪಸು ಕಳಿಸುವರೆಂಬುದು ನನ್ನ ಘನವಾದ ಹಂಚಿಕೆ. ಕಲ್ಲಿನ ಹಣೆಗೆ ಬೆರಳು ತಾಗಿಸಿದ್ದೇ ತಡ, ಮಾಲಿ ನಬಿಸಾಬ್ ಕೊಡ ಹಿಡಿದು ಬೆನ್ನ ಹಿಂದೆ ನಿಂತಿದ್ದ.

"ಏನ್ರೀ ಮುನ್ಷೀಸಾಬ್, ಮಂದಿ ಹೂವ ನೋಡ್ಲಾಕ ಬರ್ತಾರ, ನೀವು ಕಲ್ಲಿಗಿ ಎಣ್ಣಿ ತಿಕ್ಲಾಕತ್ತೀರಿ! ಇಂವ ನಿಮ್ಮ ಬೀಗರ ಪೈಕಿ ಏನ್?"

ಹೌದೆಂದೆ. ಅವನು ಹೊಟ್ಟೆ ಹಿಡಿದು ನಕ್ಕ. ನಾನು ನಗದಿರುವುದನ್ನು ಕಂಡು ಕೊಡ ಕೆಳಗಿಟ್ಟ. ಎಲ್ಲ ಹೇಳಿದೆ.

"ಅರ್ಜಿ ಹಾಕ್ರಿ. ಪೂಜಾದ ಕಲ್ಲು ವಾಪಸ್ ಕೊಡ್ತಾರ, ಹೋದ ತಿಂಗಳ ಒಂದ್ ನಾಗಪ್ಪ ಹೋಗ್ಯಾನ. ಖರೆ, ಎಣ್ಣಿ ಯಾಕ ಇರ್ಲಿಲ್ಲ ಅಂತ ಬರೀಬೇಕಾಗ್ತದ. ಯಾರ್ ತೊಳದಾರ ಗೊತ್ತದೇನು?"

ಸೂಗಮ್ಮ, ಗೊತ್ತಿದೆ.

ಸಂಕ್ರಾಂತಿಗೆ ನಾವು ಕಮಲಾಪುರಕ್ಕೆ ಬಂದಾಗ "ನಮ್ಮ ಹಿರ್ಯಾಂದು ಎಂಥಾ ಮೀಸಿ ಅಂತೀರಿ!" ಎಂದು ನೀನು ಕೊಚ್ಚಿಕೊಂಡೆ. ಬೆರಳುದಪ್ಪ ಎಣ್ಣೆಯ ಕೆಳಗೆ ಮೀಸೆ ಕಂಡವರು ಯಾರು ಎಂದು ನಾನು ನಕ್ಕೆ. ಮಂಗಳವಾರ ಮಧ್ಯಾಹ್ನ ನೀವೆಲ್ಲ ಉಂಡು ಅಡ್ಡಾದಾಗ, ಬಿಸಿನೀರು, ಸೀಗೆಪುಡಿ, ತೆಂಗಿನ ನಾರು ಒಯ್ದು ತಲೆಮಾರುಗಳ ಎಣ್ಣೆಯನ್ನು ತಿಕ್ಕಿ ತೆಗೆದೆ. ಮೀಸೆ ಇತ್ತು, ಚೇಳಿನ ಕೊಂಡಿಯಂಥದು. ಸೋತೆನೆಂದು ಹೇಳಲು ಓಡಿಬಂದೆ. ಜಗಲಿಯ ಮೇಲೆ ಮಾವನವರು ಕೂತಿದ್ದರು. ಹಿಂದಿನಿಂದ ಬಾವಿಯ ಕಡೆ ಸರಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಗುರುವಾರ ಬಂಡಿ ಬಂತು.

ಅರ್ಜಿಯನ್ನು ಇವತ್ತು ಬೆಳಿಗ್ಗೆ ಕೊಟ್ಟೆ. ಗುರುಲಿಂಗಪ್ಪನವರ ಮಗ ಮಲ್ಲಣ್ಣ ಒಂದು ವಾರವೂ ತಪ್ಪದೆ ಎಣ್ಣೆ ಹಚ್ಚಿದ್ದಾನೆ, ತೊಳೆದವನು ಅಳಿಯ ದೌಲಪ್ಪ, ಕಾರಣ ಮೀಸೆ ಎಂದು ಚೊಕ್ಕ ಉರ್ದುವಿನಲ್ಲಿ ಬರೆದು ಸಹಿ ಹಾಕಿದ್ದೇನೆ. ಕಚೇರಿಯಲ್ಲಿ ಒಬ್ಬರಿಂದೊಬ್ಬರು ಇಸಿದುಕೊಂಡು ಓದಿ ನಗುತ್ತಿದ್ದಾರೆ. ಕಲ್ಲು ಕೊಡುತ್ತಾರೋ ಇಲ್ಲವೋ ಯಾರೂ ಹೇಳುತ್ತಿಲ್ಲ. ನೀನು ಬರುತ್ತೀಯೋ ಇಲ್ಲವೋ, ಕೇಳುವ ಮುಖ ನನಗಿಲ್ಲ.

ಇನ್ನು ಮೇಲೆ ಯಾರ ಹಿರಿಯರ ಮುಖವನ್ನೂ ತೊಳೆಯದ,
ನಿನ್ನ
ದೌಲಪ್ಪ

ತಾ.ಕ.: ಇನ್ನೊಂದು ಉಳಿದಿದೆ, ಇದರಲ್ಲಿ ತಮಾಷೆಯಿಲ್ಲ. ಬಂಡಿ ಹೋದ ಸಂಜೆ ಮಾವನವರು ಯಾರನ್ನೂ ಬೈದಿರಲಿಲ್ಲ, ಸುಮ್ಮನೆ ತಲೆ ಹಿಡಿದು ಕೂತಿದ್ದರು. "ಈ ಸೋಮವಾರ ಮಲ್ಲಣ್ಣ ಕಲ್ಲು ತೊಳದು ಎಣ್ಣಿ ಹಚ್ಚೂದು ಮರತಿರಬೇಕ್ ಬಿಡ್ರಿ ಮಾವಾ" ಎಂದು ಮೊದಲು ಅಂದವನು ನಾನು. ಮಲ್ಲಣ್ಣ ನನ್ನ ಕಡೆ ನೋಡಿದ. ಮಂಗಳವಾರ ನನ್ನ ಕೈಯ ಎಣ್ಣೆಜಿಡ್ಡು ಹೋಗಲೆಂದು ಬಾವಿಯ ಹತ್ತಿರ ನೀರು ಹಾಕಿದವನು ಅವನೇ. ಅಕ್ಕನ ಗಂಡನೆಂದು ಮೂರು ತಿಂಗಳು ಬಾಯಿ ಬಿಟ್ಟಿಲ್ಲ. ಆದ್ದರಿಂದ ಈ ಕಾಗದವನ್ನು ಮಾವನವರ ಮುಂದೆ ನೀನೇ ಗಟ್ಟಿಯಾಗಿ ಓದು. ಮಲ್ಲಣ್ಣನ ಕೈಗೆ ಕೊಟ್ಟರೆ ಈ ಸಾಲುಗಳನ್ನು ಬಿಟ್ಟು ಓದುತ್ತಾನೆ.